ಕುಷ್ಠರೋಗಿಗಳ ಕಿಟಕಿ ತೋರಿಸುತ್ತಿದ್ದ ಡಾಕ್ಟರು

ಅಥವಾ ಅವರು ಬೂಟು ಕಳಚಿರಲೇ ಇಲ್ಲವೇನೋ. ಫೆಬ್ರವರಿ ತಿಂಗಳಲ್ಲಿ, ಚರ್ಚಿನ ಆ ಕಲ್ಲುನೆಲದ ಮೇಲೆ, ಎಪ್ಪತ್ತರ ಹತ್ತಿರದ ಮನುಷ್ಯ ಬರೀ ಕಾಲುಚೀಲದಲ್ಲಿ ಎರಡು ಗಂಟೆ ನಿಂತು ಮಾತಾಡಿದರು ಎಂದು ನನ್ನ ನೆನಪು ಹೇಳುತ್ತದೆ. ಎಡಗಾಲಿನ ಚೀಲ ಹರಿದು ಹೆಬ್ಬೆರಳು ಹೊರಗೆ ಬಂದಿತ್ತೆಂದೂ ಹೇಳುತ್ತದೆ. ಹೆಬ್ಬೆರಳಿನ ಮೇಲೆ ನನಗೆ ಅನುಮಾನ. ಅದು ತೀರಾ ಅನುಕೂಲವಾಗಿ ಬಂದು ಕೂತಿದೆ. ಯಾರನ್ನಾದರೂ ಗೇಲಿ ಮಾಡಲು ಹೊರಟಾಗ ನೆನಪು ಕೇಳದೆಯೇ ಇಂಥದ್ದನ್ನು ಒದಗಿಸುತ್ತದೆ. ಆದ್ದರಿಂದ ಹೆಬ್ಬೆರಳನ್ನು ಬಿಡುತ್ತೇನೆ. ಬೂಟು ಕಳಚಿದ್ದನ್ನು ಇಟ್ಟುಕೊಳ್ಳುತ್ತೇನೆ, ಏಕೆಂದರೆ ಬಾಗಿಲಲ್ಲಿದ್ದ ಆ ಬೂಟುಗಳನ್ನು ಎಡವಿದ, ಚರ್ಚಿನ ಉಸ್ತುವಾರಿಯ ವಾರ್ಡನ್ ಅಜ್ಜಿ ಅವರಿಗೆ ಬೈದದ್ದನ್ನು ನಾನು ಕೇಳಿಸಿಕೊಂಡಿದ್ದೇನೆ.

ಡಾಕ್ಟರು ಹೋದ ತಿಂಗಳು ತೀರಿಕೊಂಡರು. ಬರ್ಮಿಂಗ್‌ಹ್ಯಾಮ್ ಕಡೆಯ ಕನ್ನಡಿಗರ ವಾಟ್ಸಾಪ್ ಗುಂಪಿನಲ್ಲಿ ಬೆಳಗ್ಗೆಯಿಂದ ಸಂಜೆಯವರೆಗೆ ಕೈಮುಗಿದ ಚಿತ್ರಗಳು ಸುರಿದವು. ‘ಶ್ರೇಷ್ಠ ವೈದ್ಯ, ಇತಿಹಾಸಕಾರ, ಸರಳಜೀವಿ’ ಎಂದು ಒಬ್ಬರು ಬರೆದರು. ಉಳಿದವರು ಅದನ್ನೇ ನಕಲು ಮಾಡಿ ಹಾಕಿದರು. ಮೊದಲನೆಯದನ್ನು ಅವರ ಪೇಷಂಟುಗಳು ಹೇಳಬೇಕು. ಎರಡನೆಯದು ಸುಳ್ಳು. ಮೂರನೆಯದಕ್ಕೆ ಅವರ ಕಾರು ನೋಡಿದವರು ನಗುತ್ತಾರೆ. ‘ನೀವು ಅವರ ಶಿಷ್ಯೆ ಅಲ್ವಾ, ಕನ್ನಡ ಕೂಟದ ಸಂಚಿಕೆಗೆ ಒಂದು ಪುಟ ಬರ್ಕೊಡಿ’ ಎಂದು ನನಗೂ ಫೋನ್ ಬಂತು. ನಾನು ಅವರ ಶಿಷ್ಯೆಯಲ್ಲ. ಏಳು ತಿಂಗಳು ಅವರ ಮನೆಯಲ್ಲಿ ಶನಿವಾರದ ಊಟ ಮಾಡಿದವಳು. ಎರಡೂ ಒಂದೇ ಎಂದು ಕೂಟದವರು ತಿಳಿದಿದ್ದರೆ ತಪ್ಪು ಅವರದಲ್ಲ.

ಚರ್ಚಿನ ಹೆಸರು ಬೇಡ. ಟಿವಿಡೇಲ್‌ನ ಬಾಲಾಜಿ ದೇವಸ್ಥಾನದಿಂದ ಕಾರಿನಲ್ಲಿ ಇಪ್ಪತ್ತು ನಿಮಿಷ. ಒಂದು ಪಕ್ಕಕ್ಕೆ ಟೈರ್ ಅಂಗಡಿ, ಇನ್ನೊಂದು ಪಕ್ಕಕ್ಕೆ ಮೀನು ಮತ್ತು ಚಿಪ್ಸ್ ಮಾರುವ ಅಂಗಡಿ, ನಡುವೆ ಎಂಟುನೂರು ವರ್ಷ. ಗೋಪುರ ಹಿಂದಿನ ಕಾಲದ ಕುಲುಮೆಗಳ ಹೊಗೆ ಕುಡಿದು ಕಪ್ಪಾಗಿದೆ. ಒಳಗೆ ನಾರ್ಮನ್ನರ ಕಾಲದ್ದೆನ್ನುವ ಒಂದು ಗುಂಡು ಕಮಾನು, ಅದರ ಸುತ್ತ ಗರಗಸದ ಹಲ್ಲಿನಂತೆ ಕೊರೆದ ಗೆರೆ. ಮಕ್ಕಳಿಗೆ ದೀಕ್ಷಾಸ್ನಾನ ಮಾಡಿಸುವ ಕಲ್ಲಿನ ತೊಟ್ಟಿ. ಅದರ ಮೇಲಿನ ಮುಖಗಳ ಮೂಗುಗಳನ್ನು ಯಾವುದೋ ಕಾಲದ ಭಕ್ತಿ ಒಡೆದು ಹಾಕಿದೆ. ಗೋಡೆಯ ತುಂಬ, ಮೊಳೆಯ ಕಾರ್ಖಾನೆ ನಡೆಸಿ ಶ್ರೀಮಂತರಾದವರ ಅಮೃತಶಿಲೆಯ ಫಲಕಗಳು, ಪ್ರತಿಯೊಬ್ಬನೂ ಬಡವರ ಬಂಧು. ಹತ್ತೊಂಬತ್ತನೇ ಶತಮಾನದಲ್ಲಿ ಒಬ್ಬ ಉತ್ಸಾಹಿ ಪಾದ್ರಿ ಇಡೀ ಕಟ್ಟಡವನ್ನು ಕೆಡವಿ ಕಟ್ಟಿ, ಅದು ಎಷ್ಟು ಹಳೆಯದಾಗಿ ಕಾಣಬೇಕೆಂದು ತನಗೆ ಅನ್ನಿಸಿತೋ ಅಷ್ಟು ಹಳೆಯದಾಗಿಸಿದ. ಹೀಗಾಗಿ ಅಲ್ಲಿ ಹಳೆಯದೆಂದು ಕೈ ಮಾಡಿ ತೋರಿಸುವುದರಲ್ಲಿ ಅರ್ಧ ಹೊಸದು.

ಡಾಕ್ಟರ ಮನೆಯ ಹಿತ್ತಿಲು ಈ ಚರ್ಚಿನ ಸಮಾಧಿಗಳ ಗೋಡೆಗೆ ಅಂಟಿಕೊಂಡಿತ್ತು. ಮೂವತ್ತು ವರ್ಷ ಅವರು ಆ ಕಡೆ ತಿರುಗಿ ನೋಡಿರಲಿಲ್ಲ. ಜಿಪಿಯ, ಅಂದರೆ ಬಡಾವಣೆಯ ಡಾಕ್ಟರ, ಮನೆಯಿಂದ ಗೋರಿಗಳು ಕಾಣುವುದು ವೃತ್ತಿಗೆ ಶೋಭೆಯಲ್ಲವೆಂದು ಆ ಕಿಟಕಿಗೆ ಪರದೆ ಎಳೆದೇ ಇರುತ್ತಿತ್ತಂತೆ. ನಿವೃತ್ತರಾದ ಮೂರನೇ ವಾರ ಅವರ ಹೆಂಡತಿ, ನಾವೆಲ್ಲ ಆಂಟಿ ಎನ್ನುತ್ತಿದ್ದವರು, ‘ಎಲ್ಲಾದ್ರೂ ಹೋಗಿ ಬನ್ನಿ, ಅಡುಗೆಮನೇಲಿ ನಿಂತ್ಕೊಂಡು ಉಪ್ಪು ನೋಡ್ಬೇಡಿ’ ಎಂದು ಹೊರಗೆ ಅಟ್ಟಿದರು. ಅವರು ಚರ್ಚಿಗೆ ಹೋದರು. ಅಲ್ಲಿ ಶನಿವಾರ ಕಾಫಿ, ಕೇಕು ಕೊಡುತ್ತಾರೆ. ಗೋಡೆಯ ಮೇಲೆ ಬಂದವರಿಗೆ ಚರ್ಚು ತೋರಿಸುವ ಗೈಡುಗಳ ರೋಟಾ, ಅಂದರೆ ಸರದಿಯ ಪಟ್ಟಿ, ಅಂಟಿಸಿದ್ದರು. ಹಳೆಯ ಗೈಡು ಪಾರ್ಶ್ವವಾಯು ಹೊಡೆದು ಮಲಗಿದ್ದರಿಂದ ಶನಿವಾರದ ಚೌಕಗಳೆಲ್ಲ ಖಾಲಿ. ಇಡೀ ಉದ್ಯೋಗವನ್ನು ರೋಟಾ ನೋಡಿಕೊಂಡೇ ಕಳೆದ ಜೀವಕ್ಕೆ ಖಾಲಿ ಚೌಕ ಸಹಿಸಲಾಗಲಿಲ್ಲ. ಪೆನ್ನು ತೆಗೆದು ಕ್ರಿಸ್‌ಮಸ್‌ವರೆಗೆ ತಮ್ಮ ಹೆಸರು ಬರೆದುಬಿಟ್ಟರು. ಮನೆದೇವರಿಗೆ ವರ್ಷಕ್ಕೊಮ್ಮೆಯೂ ನೆಟ್ಟಗೆ ಕೈಮುಗಿಯದ ಮೈಸೂರಿನ ಮನುಷ್ಯ ಹೀಗೆ ಇಂಗ್ಲಿಷರ ದೇವರ ಮನೆಗೆ ವಕ್ತಾರರಾದರು. ಯಾರೂ ಬೇಡವೆನ್ನಲಿಲ್ಲ. ಬೇಡವೆಂದರೆ ಶನಿವಾರ ತಾವು ಬರಬೇಕಾಗುತ್ತಿತ್ತು.

ಅವರ ಸರ್ಜರಿಯಲ್ಲಿ, ಅಲ್ಲಿ ಕ್ಲಿನಿಕ್ಕಿಗೆ ಹಾಗೆನ್ನುತ್ತಾರೆ, ಒಬ್ಬೊಬ್ಬ ಪೇಷಂಟಿಗೆ ಹತ್ತು ನಿಮಿಷ. ‘ಎರಡನೇ ಕಾಯಿಲೆ ಇದ್ರೆ ಇನ್ನೊಂದು ಅಪಾಯಿಂಟ್‌ಮೆಂಟ್ ತಗೊಳ್ಳಿ’ ಎನ್ನುವುದು ಅವರ ಪ್ರಸಿದ್ಧ ವಾಕ್ಯ. ಚರ್ಚಿನಲ್ಲಿ ಮಾತ್ರ ಎರಡು ಗಂಟೆ ಹೊತ್ತು ಆಗುವ ಮೊದಲು ಯಾರನ್ನೂ ಬಿಡುತ್ತಿರಲಿಲ್ಲ. ಕಂಬಗಳ ಮೇಲೆ ಎಡಗೈಯ ಬೆರಳಿಟ್ಟು ಬಲಗೈಯ ಬೆರಳಿನಿಂದ ತಟ್ಟುತ್ತಿದ್ದರು, ಎದೆ ಪರೀಕ್ಷೆ ಮಾಡಿದ ಹಾಗೆ. ಕಿವಿ ಹತ್ತಿರ ತಂದು, ‘ಇಲ್ಲಿ ಒಳಗೆ ನೀರು ತುಂಬಿದೆ’ ಎನ್ನುತ್ತಿದ್ದರು. ಗೋಡೆಯ ತೇವಕ್ಕೆ ‘ಕ್ರಾನಿಕ್’, ವಾಲಿದ ಗೋಪುರಕ್ಕೆ ‘ವಯಸ್ಸಾಯ್ತು, ಏನೂ ಮಾಡಕ್ಕಾಗಲ್ಲ’. ಕನ್ನಡದವರು ಬಂದರೆ ಪರಿಭಾಷೆ ಬದಲಾಗುತ್ತಿತ್ತು. ಬಾಗಿಲ ಚಾವಣಿ ಮುಖಮಂಟಪ, ಬೆಂಚುಗಳಿರುವ ಜಾಗ ನವರಂಗ, ಆಲ್ಟರ್ ಇರುವ ಕಡೆ ಗರ್ಭಗುಡಿ. ಸುತ್ತುವುದು ಪ್ರದಕ್ಷಿಣವಾಗಿಯೇ. ಚರ್ಚು ನೋಡಲು ಬಂದವರಿಗೆ ಕೊಡುವ ಹಳೆಯ ಮಡಿಕೆಪತ್ರದಲ್ಲಿ ನೋಡಬೇಕಾದವುಗಳ ಅಂಕಿಗಳು ಎದುರು ದಿಕ್ಕಿನಲ್ಲಿದ್ದುದರಿಂದ, ಪತ್ರ ಹಿಡಿದು ಬಂದ ಇಂಗ್ಲಿಷರೂ ಡಾಕ್ಟರ ತಂಡವೂ ಪ್ರತಿ ಶನಿವಾರ ಕಲ್ಲಿನ ತೊಟ್ಟಿಯ ಹತ್ತಿರ ಒಬ್ಬರ ಮೇಲೊಬ್ಬರು ಬೀಳುತ್ತಿದ್ದರು. ‘ಸಾರಿ, ಸಾರಿ’ ಎಂದು ಎರಡೂ ಕಡೆಯವರು ಹೇಳುತ್ತಿದ್ದರು. ದಿಕ್ಕು ಮಾತ್ರ ಯಾರೂ ಬದಲಿಸಲಿಲ್ಲ.

ಇನ್ನು ಕಿಟಕಿ. ಆಲ್ಟರಿಗೆ ಹತ್ತಿರ, ದಕ್ಷಿಣದ ಗೋಡೆಯಲ್ಲಿ, ಮೊಣಕಾಲಿಗಿಂತ ತುಸು ಮೇಲೆ ಒಂದು ಸಣ್ಣ ಕಂಡಿ. ಹಳೆಯ ಮಡಿಕೆಪತ್ರದಲ್ಲಿ ಅದರ ಬಗ್ಗೆ ಅರ್ಧ ಸಾಲು: ಕುಷ್ಠರೋಗಿಗಳ ಕಿಟಕಿ ಎನ್ನುತ್ತಾರೆ. ‘ಎನ್ನುತ್ತಾರೆ’ಯನ್ನು ಡಾಕ್ಟರು ಮೊದಲ ತಿಂಗಳಲ್ಲೇ ಕೈಬಿಟ್ಟರು. ಆಮೇಲೆ ಅದು ಇಪ್ಪತ್ತು ನಿಮಿಷದ ನಾಟಕವಾಯಿತು. ಒಳಗೆ ಬಿಡದ ರೋಗಿಗಳು ಹೊರಗೆ ಹುಲ್ಲಿನಲ್ಲಿ ಕೂತು ಈ ಕಂಡಿಯಿಂದ ಪೂಜೆ ನೋಡುತ್ತಿದ್ದರು. ಪಾದ್ರಿ ಉದ್ದ ಕೋಲಿನ ತುದಿಗೆ ರೊಟ್ಟಿ ಸಿಕ್ಕಿಸಿ ಹೊರಗೆ ಚಾಚುತ್ತಿದ್ದ. ಒಬ್ಬಳು ಹೆಂಗಸು ಬೆರಳಿಲ್ಲದ ಕೈಯಿಂದ ಅದನ್ನು ಹಿಡಿಯಲಾರದೆ ಬೀಳಿಸಿದಳು. ಪಾದ್ರಿಯೂ ಅವರೇ, ಹೆಂಗಸೂ ಅವರೇ. ಕೋಲಿಗೆ ಅವರ ಕೊಡೆ. ಆ ಹೆಂಗಸು ಯಾವ ದಾಖಲೆಯಲ್ಲಿದ್ದಾಳೆ ಎಂದು ನಾನೊಮ್ಮೆ ಕೇಳಿದೆ. ‘ದಾಖಲೆ ಯಾರಮ್ಮ ಬರೀತಾರೆ ಅಂಥೋರ್ದು?’ ಎಂದರು. ಉತ್ತರ ಎಷ್ಟು ಚೆನ್ನಾಗಿತ್ತೆಂದರೆ ಅದು ಉತ್ತರವಲ್ಲವೆಂದು ತಿಳಿಯಲು ನನಗೆ ಮನೆ ತಲುಪಬೇಕಾಯಿತು.

ತಾವು ಹೌಸ್ ಸರ್ಜನ್ ಆಗಿದ್ದಾಗ ಆರು ತಿಂಗಳು ಕುಷ್ಠರೋಗದ ಆಸ್ಪತ್ರೆಯಲ್ಲಿ ಕೆಲಸ ಮಾಡಿದ್ದಾಗಿ ಅವರು ಈ ಕಿಟಕಿಯ ಮುಂದೆ ಹೇಳುತ್ತಿದ್ದರು. ಅಡುಗೆಮನೆಯಲ್ಲಿ ಆಂಟಿ ತಿದ್ದಿದರು: ‘ಆರು ತಿಂಗಳಾ? ಆರು ದಿನ. ಆಮೇಲೆ ನಮ್ಮ ಮಾವನೋರೇ ಹೋಗಿ ಕರ್ಕೊಂಡ್ ಬಂದ್ರು.’ ಹುಳಿಗೆ ಒಗ್ಗರಣೆ ಹಾಕುತ್ತಾ, ಎಲ್ಲರಿಗೂ ಗೊತ್ತಿರುವ ವಿಷಯವೆಂಬಂತೆ ಹೇಳಿದರು.

ನಾನು ಆ ವರ್ಷ ಅಲ್ಲಿ ಹಳೆಯ ಕಟ್ಟಡಗಳ ಸಂರಕ್ಷಣೆಯಲ್ಲಿ ಎಂಎ ಓದುತ್ತಿದ್ದೆ. ಕನ್ನಡ ಕೂಟದ ದೀಪಾವಳಿ ಊಟದಲ್ಲಿ ಡಾಕ್ಟರು ಅದನ್ನು ಕೇಳಿ, ‘ಧಾರವಾಡದೋಳಾ? ನಿಮ್ಮ ಕಡೆಯೋರಿಗೆ ಕಲ್ಲು ಅಂದ್ರೆ ಪೇಡಾ ಇದ್ದ ಹಾಗೆ. ಶನಿವಾರ ಬಾ, ನಿಜವಾದ ಚರ್ಚು ತೋರಿಸ್ತೀನಿ’ ಎಂದರು. ಹೋದೆ. ನೋಡಿದ ಮೇಲೆ ಊಟ. ಆಮೇಲೆ ಪ್ರತಿ ಶನಿವಾರ. ಅವರು ಚರ್ಚಿನ ಬಗ್ಗೆ ಒಂದು ಪುಸ್ತಿಕೆ ಬರೆಯುತ್ತಿದ್ದರು. ಬರೆಯುತ್ತಿದ್ದರು ಎಂದರೆ ಅವರು ಹೇಳುತ್ತಿದ್ದರು, ನಾನು ಲ್ಯಾಪ್‌ಟಾಪಿನಲ್ಲಿ ಹೊಡೆಯುತ್ತಿದ್ದೆ. ಚರ್ಚಿನ ಕಮಿಟಿ ಒಪ್ಪಿದರೆ ಹಳೆಯ ಮಡಿಕೆಪತ್ರದ ಬದಲು ಅದನ್ನೇ ಅಚ್ಚು ಹಾಕಿಸುವುದೆಂದಿತ್ತು. ರಕ್ಷಾಪುಟದಲ್ಲಿ ಅವರ ಹೆಸರು. ‘ನಲವತ್ತು ವರ್ಷ ಈ ದೇಶದಲ್ಲಿ ಪ್ರಿಸ್ಕ್ರಿಪ್ಷನ್ ಮೇಲೆ ಬಿಟ್ರೆ ನನ್ನ ಹೆಸರು ಎಲ್ಲೂ ಅಚ್ಚಾಗಿಲ್ಲ ಕಣಮ್ಮ,’ ಎಂದು ಅವರು ಒಮ್ಮೆ ಹೇಳಿದರು. ಅವರ ಬಾಯಿಂದ ನಾನು ಕೇಳಿದ ವಾಕ್ಯಗಳಲ್ಲಿ ಅಲಂಕಾರವಿಲ್ಲದ್ದು ಅದೊಂದೇ ಇರಬೇಕು.

ಇಲ್ಲಿ ನನ್ನದೊಂದು ಮಾತು ಹೇಳಬೇಕು. ಇಂಥ ತಗ್ಗು ಕಿಟಕಿಗಳಿಗೂ ಕುಷ್ಠರೋಗಿಗಳಿಗೂ ಸಂಬಂಧವಿಲ್ಲ, ಅದು ಹತ್ತೊಂಬತ್ತನೇ ಶತಮಾನದ ರಸಿಕರ ಕಲ್ಪನೆ ಎಂದು ನಮ್ಮ ಮೇಷ್ಟ್ರು ಮೊದಲ ಟರ್ಮಿನಲ್ಲೇ ಪಾಠ ಮಾಡಿದ್ದರು. ‘ಇದನ್ನು ಪ್ರಬಂಧದಲ್ಲಿ ಬರೆದವರನ್ನು ನಾನು ಪಾಸು ಮಾಡುವುದಿಲ್ಲ’ ಎಂದಿದ್ದರು. ನೋಟ್‌ಬುಕ್ಕಿನಲ್ಲಿ ಅಡಿಗೆರೆ ಹಾಕಿ ಬರೆದುಕೊಂಡಿದ್ದೆ. ಆಮೇಲೆ ಏಳು ತಿಂಗಳು ಶನಿವಾರ ಶನಿವಾರ ರೊಟ್ಟಿ, ಕೋಲು, ಬೆರಳಿಲ್ಲದ ಹೆಂಗಸು ಎಲ್ಲವನ್ನೂ ನಾಲ್ಕು ಪುಟ ಟೈಪು ಮಾಡಿಕೊಟ್ಟೆ, ಕಾಗುಣಿತವನ್ನೂ ತಿದ್ದಿಕೊಟ್ಟೆ. ಹೇಳಿದರೆ ಬೇಸರವಾಗುತ್ತದೆ ಎಂದು ಸುಮ್ಮನಿದ್ದೆ ಎಂದು ಈಗ ಬರೆಯಬಹುದು. ಬಿಸಿಬೇಳೆಬಾತಿಗೆ ಸುಮ್ಮನಿದ್ದೆ ಎಂದೂ ಬರೆಯಬಹುದು.

ಆ ಹೊತ್ತಿಗೆ ಟಿವಿಡೇಲಿಗೆ ಬರುತ್ತಿದ್ದ ನಮ್ಮವರಿಗೆ ಬಾಲಾಜಿ ದರ್ಶನವಾದ ಮೇಲೆ ಡಾಕ್ಟರ ಚರ್ಚು ಎಂಬ ರೂಢಿ ಬಿದ್ದಿತ್ತು. ದೊಡ್ಡವರು ಪುಳಿಯೋಗರೆ ತಿಂದ ಕೈ ಒರೆಸಿಕೊಂಡು ಬರುತ್ತಿದ್ದರು. ಮಕ್ಕಳು ಕಾರಿನಿಂದ ಇಳಿಯದೆ ‘ಹೌ ಲಾಂಗ್?’ ಎನ್ನುತ್ತಿದ್ದರು. ಏಪ್ರಿಲ್‌ನಲ್ಲಿ ದಾವಣಗೆರೆಯ ಒಬ್ಬರು ತಾಯಿ ಬಂದರು, ವಿಸಿಟರ್ ವೀಸಾದ ಮೇಲೆ. ಅವರ ಮಗಳು ಮ್ಯಾಕಲ್ಸ್‌ಫೀಲ್ಡ್‌ನ ಔಷಧ ಕಾರ್ಖಾನೆಯಲ್ಲಿ ಕೆಲಸದಲ್ಲಿದ್ದಳು. ಆ ಮಗಳ ಕುತ್ತಿಗೆಯ ಮೇಲೆ ಬಿಳಿ ಮಚ್ಚೆ, ಅದನ್ನು ಮುಚ್ಚಲು ಶಾಲು. ತಾಯಿ ಕಿಟಕಿಯ ಕಥೆಯನ್ನು ಕೇಳಿ ಕಣ್ಣು ಒರೆಸಿಕೊಂಡರು. ಆಮೇಲೆ ವ್ಯಾನಿಟಿ ಬ್ಯಾಗಿನಿಂದ ಕರ್ಪೂರದ ಡಬ್ಬಿ ತೆಗೆದು ಕಂಡಿಯ ಕಟ್ಟೆಯ ಮೇಲಿಟ್ಟು ಹಚ್ಚಿಯೇಬಿಟ್ಟರು.

‘ಅಮ್ಮಾ, ಪ್ಲೀಸ್,’ ಎಂದಳು ಮಗಳು. ‘ನಾ ಮಾತ್ರೆ ತಗೋತಾ ಇದೀನಲ್ಲ.’

‘ನೀ ಸುಮ್ಕಿರು. ಮಾತ್ರೆ ಮಾಡೋ ಊರಾಗೇ ಐದೀಯ, ಹೋಗೇತೇನು?’

ಡಾಕ್ಟರು, ‘ತೊನ್ನು ಬೇರೆ, ಕುಷ್ಠ ಬೇರೆ ಕಣಮ್ಮ,’ ಎಂದರು. ಅದನ್ನಾದರೂ ಹೇಳಿದರು.

‘ಎಲ್ಲಾ ಚರ್ಮದ್ದೇ ಅಲ್ಲೇನ್ರಿ ಡಾಕ್ಟ್ರೇ?’

ಡಾಕ್ಟರು ನಕ್ಕರು. ಊದಿ ಆರಿಸಬಹುದಿತ್ತು. ಮೂವತ್ತು ವರ್ಷ ಮುಲಾಮು ಬರೆದುಕೊಟ್ಟ ಕೈ ಬೆನ್ನ ಹಿಂದೆ ಹೋಯಿತು. ಅವರ ಮುಖದಲ್ಲಿದ್ದದ್ದು ಸಂತೋಷ. ತಮ್ಮ ಕಥೆಯನ್ನು ಯಾರೋ ಇಷ್ಟು ನಂಬಿದ್ದು ಅವರಿಗೆ ಅದೇ ಮೊದಲಿರಬೇಕು. ಮುಂದಿನ ವಾರಗಳಲ್ಲಿ ಇಸುಬಿನವರು ಬಂದರು, ಸೋರಿಯಾಸಿಸ್‌ನವರು ಬಂದರು, ಮೊಡವೆಯ ಒಬ್ಬ ಹುಡುಗಿಯನ್ನು ಅವಳಮ್ಮ ಲೆಸ್ಟರ್‌ನಿಂದ ಕರೆತಂದರು. ಕಲ್ಲಿನ ಮೇಲೆ ಅಂಗೈಯಗಲ ಮಸಿ ಕೂತಿತು.

ವಾರ್ಡನ್ ಅಜ್ಜಿ ಅದನ್ನು ನೋಡಿದ್ದು ಈಸ್ಟರ್ ಮುಗಿದ ಮೇಲೆ, ಹೂವಿನ ಬಕೆಟ್ಟು ಎತ್ತುವಾಗ. ಬರ್ಮಿಂಗ್‌ಹ್ಯಾಮ್ ಕಡೆಯ ಮುದುಕಿಯರು ಎಲ್ಲರನ್ನೂ ‘ಬ್ಯಾಬ್’, ನಮ್ಮ ‘ಮಗೂ’ ಇದ್ದ ಹಾಗೆ, ಎಂದು ಕರೆಯುತ್ತಾರೆ, ಬೈಯುವಾಗಲೂ. ‘ಡಾಕ್ಟರ್ ಬ್ಯಾಬ್, ಎಂಟುನೂರು ವರ್ಷದ ಕಲ್ಲನ್ನು ನಿಮ್ಮವರು ಸುಡುತ್ತಿದ್ದಾರೆ,’ ಎಂದರು. ಹಳೆಯ ಕಲ್ಲಿಗೆ ಮಸಿ ಬಿದ್ದರೆ ಉಜ್ಜುವಂತಿಲ್ಲ. ಚರ್ಚಿನ ವಾಸ್ತುಶಿಲ್ಪಿಯನ್ನು ಕರೆಸಬೇಕು. ಆತ ಬಂದ. ಹತ್ತಿಯಿಂದ ಒಂದಿಷ್ಟು ಜಾಗ ಒರೆಸಿದ, ಟಾರ್ಚ್ ಹಿಡಿದು ನೋಡಿದ, ಮತ್ತೆ ಒರೆಸಿದ. ಕಲ್ಲು ಯಂತ್ರದಿಂದ ಕೊಯ್ದದ್ದು. ಆಮೇಲೆ ಹಳೆಯ ನಕ್ಷೆ ಹುಡುಕಿ ತಂದ. ಉತ್ಸಾಹಿ ಪಾದ್ರಿ ಚಳಿಗೆ ಒಳಗೆ ಸ್ಟೋವ್ ಇಡಿಸಿದಾಗ ಗಾಳಿಯಾಡಲೆಂದು ಹೊಡೆಸಿದ ಕಂಡಿ ಅದು. ಯಾವ ರೋಗಿಯೂ ಅದರ ಹೊರಗೆ ಕೂತಿರಲಿಲ್ಲ. ಕಲ್ಲಿದ್ದಲು ಮಾತ್ರ ಇತ್ತು. ಡಾಕ್ಟರ ಕಥೆಯನ್ನು ಕಮಿಟಿಯವರಾಗಲೀ ವಿದ್ವಾಂಸರಾಗಲೀ ಕೆಡಿಸಲಿಲ್ಲ. ಅದನ್ನು ಮೊದಲ ಬಾರಿಗೆ ಪೂರ್ತಿ ನಂಬಿದ ಆ ತಾಯಿಯ ಕರ್ಪೂರ ಕೆಡಿಸಿತು.

ಮೇ ತಿಂಗಳಲ್ಲಿ ಕಮಿಟಿ ಸೇರಿತು. ಪುಸ್ತಿಕೆಯ ಮಾತು ಬರುತ್ತದೆಂದು ಡಾಕ್ಟರು ಕೋಟು ಹಾಕಿಕೊಂಡು ಬಂದಿದ್ದರು, ನನ್ನನ್ನೂ ಕರೆತಂದಿದ್ದರು. ನಡೆದದ್ದೆಲ್ಲ ಇಂಗ್ಲಿಷಿನಲ್ಲಿ. ಕನ್ನಡದಲ್ಲಿ ಬರೆಯುವಾಗ ಎಲ್ಲರೂ ಇದ್ದದ್ದಕ್ಕಿಂತ ತುಸು ಒಳ್ಳೆಯವರಾಗಿ ಕಾಣುತ್ತಾರೆ, ಕ್ಷಮಿಸಬೇಕು.

ಚರ್ಚಿನ ಪೂಜೆ ನಡೆಸುವ ಪಾದ್ರಿಯಮ್ಮ, ನಲವತ್ತರ ಹೆಂಗಸು, ಬಹಳ ಮೆತ್ತಗೆ ಹೇಳಿದರು: ‘ಪುಸ್ತಿಕೆ ನಮಗೆಲ್ಲ ಇಷ್ಟವಾಗಿದೆ. ಆ ನಾಲ್ಕು ಪುಟಗಳನ್ನು ಒಂದು ವಾಕ್ಯ ಮಾಡಿದರೆ ಸಾಕು.’

‘ಯಾವ ವಾಕ್ಯ?’ ಎಂದರು ಡಾಕ್ಟರು.

ಪಾದ್ರಿಯಮ್ಮ ಓದಿದರು. ಕುಷ್ಠರೋಗಿಗಳ ಕಿಟಕಿಯೆಂದು ತಪ್ಪಾಗಿ ಕರೆಯಲಾಗುತ್ತಿದ್ದ ಈ ಕಂಡಿಯನ್ನು ಸ್ಟೋವಿನ ಗಾಳಿಗಾಗಿ ಮಾಡಲಾಗಿತ್ತು.

ಡಾಕ್ಟರು ಎದ್ದು ನಿಂತರು. ‘ಕಲ್ಲು ಹೊಸದಿರಬಹುದು. ಹಳೆಯ ಕಿಟಕಿ ಇದ್ದ ಜಾಗದಲ್ಲೇ ಹೊಸದು ಮಾಡಿರಬಾರದೇಕೆ? ಆ ರೋಗಿಗಳನ್ನು ಕೈಯಾರೆ ಮುಟ್ಟಿದವನು ಈ ಕೋಣೆಯಲ್ಲಿ ನಾನೊಬ್ಬನೇ.’

‘ಆದರೆ ಅವರು ಇಲ್ಲಿಗೆ ಬಂದಿರಲಿಲ್ಲವಲ್ಲ, ಬ್ಯಾಬ್,’ ಎಂದರು ವಾರ್ಡನ್ ಅಜ್ಜಿ.

ಪಾದ್ರಿಯಮ್ಮ ನನ್ನ ಕಡೆ ತಿರುಗಿದರು. ‘ಇದು ನಿಮ್ಮ ವಿಷಯ. ನೀವೇನು ಹೇಳುತ್ತೀರಿ?’

ಡಾಕ್ಟರು ಕೂತರು, ನೆಮ್ಮದಿಯಿಂದ. ಸಾಕ್ಷಿ ತಮ್ಮ ಕಡೆಯದು ಎಂಬ ಮುಖ. ಇಲ್ಲಿಂದ ಮುಂದೆ ನನ್ನ ಬಳಿ ಮೂರು ನೆನಪುಗಳಿವೆ. ಒಂದರಲ್ಲಿ ನಾನು ಅವರ ಕಣ್ಣು ನೋಡಿ ಸ್ಪಷ್ಟವಾಗಿ ಮಾತಾಡುತ್ತೇನೆ. ಇನ್ನೊಂದರಲ್ಲಿ ಕ್ಷಮೆ ಕೇಳುತ್ತಾ ಮಾತಾಡುತ್ತೇನೆ. ಮೂರನೆಯದರಲ್ಲಿ ತಲೆಯೆತ್ತದೆ ನೋಟ್‌ಬುಕ್ಕಿನಿಂದ ಓದುತ್ತೇನೆ. ಮೂರನೆಯದೇ ನಿಜವಿರಬೇಕು, ಅದರಲ್ಲಿ ನಾನು ಚೆನ್ನಾಗಿ ಕಾಣುವುದಿಲ್ಲ. ‘ಇಂಥ ಕಿಟಕಿಗಳಿಗೂ ಕುಷ್ಠರೋಗಿಗಳಿಗೂ ಸಂಬಂಧವಿಲ್ಲ ಎಂದು ವಿದ್ವಾಂಸರು ಒಪ್ಪಿದ್ದಾರೆ,’ ಎಂದು ಓದಿದೆ. ಪುಟದ ಮೇಲೆ ಅಕ್ಟೋಬರ್ ಎಂದು ನಾನೇ ಬರೆದದ್ದಿತ್ತು. ಅವರು ಪಕ್ಕದ ಕುರ್ಚಿಯಲ್ಲೇ ಇದ್ದರು. ಕನ್ನಡಕ ಮೂಗಿನ ಮೇಲಿತ್ತೋ ಜೇಬಿನಲ್ಲಿತ್ತೋ, ಎಷ್ಟು ಯೋಚಿಸಿದರೂ ಬರುವುದಿಲ್ಲ.

‘ಹಾಗಿದ್ದರೆ ನನ್ನ ಹೆಸರು ಬೇಡ,’ ಎಂದರು ಡಾಕ್ಟರು.

ಯಾರಾದರೂ ಒತ್ತಾಯ ಮಾಡುತ್ತಾರೆಂದು ಒಂದು ಕ್ಷಣ ಕಾದರು. ಪಾದ್ರಿಯಮ್ಮ ‘ನಿಮ್ಮ ನಿರ್ಧಾರವನ್ನು ಗೌರವಿಸುತ್ತೇವೆ’ ಎಂದು ಬರೆದುಕೊಂಡು, ಮುಂದಿನ ವಿಷಯವಾದ ಟೀ ಕಾಯಿಸುವ ಪಾತ್ರೆಯ ಸೋರಿಕೆಗೆ ಹೋದರು. ಅದರ ಮೇಲೆ ಇನ್ನೂ ದೀರ್ಘವಾದ ಚರ್ಚೆಯಾಯಿತು.

ಪುಸ್ತಿಕೆ ಶರತ್ಕಾಲದಲ್ಲಿ ಬಂತು. ಮೂವತ್ತಾರು ಪುಟ, ಮೂವತ್ತೈದೂ ಮುಕ್ಕಾಲು ಅವರದೇ ಮಾತು. ರಕ್ಷಾಪುಟದ ಮೇಲೆ ‘ಚರ್ಚಿನ ಸ್ನೇಹಿತರು’ ಎಂದಿದೆ. ನಾನು ಆ ಹೊತ್ತಿಗೆ ಕೆಲಸ ಸಿಕ್ಕಿ ಮ್ಯಾಂಚೆಸ್ಟರಿಗೆ, ಫಾಲೋಫೀಲ್ಡ್‌ನ ಒಂದು ಬಾಡಿಗೆ ಕೋಣೆಗೆ ಹೋಗಿದ್ದೆ. ಡಾಕ್ಟರು ಶನಿವಾರದ ರೋಟಾ ಬಿಡಲಿಲ್ಲ. ಒಂದು ವ್ಯವಸ್ಥೆ ಮಾಡಿಕೊಂಡರೆಂದು ಆಂಟಿ ಫೋನಿನಲ್ಲಿ ಹೇಳಿದರು: ಇಂಗ್ಲಿಷರು ಬಂದರೆ ಸ್ಟೋವಿನ ಕಂಡಿ, ನಮ್ಮವರು ಬಂದರೆ ಕುಷ್ಠರೋಗಿಗಳು. ಎರಡೂ ತಂಡ ಒಟ್ಟಿಗೆ ಬಂದ ದಿನ ಮಾತ್ರ ಕಿಟಕಿಯನ್ನೇ ಬಿಟ್ಟು ಮುಂದೆ ಹೋಗುತ್ತಿದ್ದರಂತೆ.

ಇಷ್ಟು ಬರೆದು ಕೂಟಕ್ಕೆ ಕಳಿಸಿಬಿಡಬಹುದಿತ್ತು. ಓದಿದವರು ನಗುತ್ತಿದ್ದರು, ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಕಮಿಟಿ ಮುಗಿದ ಆ ಮಧ್ಯಾಹ್ನದ್ದೊಂದು ಉಳಿದಿದೆ. ನಾವಿಬ್ಬರೂ ಅವರ ಮನೆಗೆ ನಡೆದು ಬಂದೆವು. ಆಂಟಿ ತಟ್ಟೆ ಹಾಕಿದರು. ನಾನು ಊಟ ಬೇಡವೆನ್ನಲಿಲ್ಲ. ಡಾಕ್ಟರು ಅನ್ನ ಕಲಸುತ್ತಾ, ನನ್ನನ್ನು ನೋಡದೆ ಕೇಳಿದರು:

‘ನಿಂಗೆ ಇದು ಯಾವಾಗಿಂದ ಗೊತ್ತಿತ್ತಮ್ಮ?’

‘ಹೋದ ವಾರ ಸರ್. ಓದ್ತಾ ಇದ್ದಾಗ ಸಿಕ್ತು.’

ಅವರು ಎರಡು ತುತ್ತು ತಿಂದರು. ಆಮೇಲೆ, ‘ಹಾಗಾದ್ರೆ ನನಗಿಂತ ತಡ ನೀನು,’ ಎಂದರು. ಆಂಟಿಯನ್ನು ಮಜ್ಜಿಗೆ ಕೇಳಿದರು.

ಅವರಿಗೆ ಮೊದಲಿಂದಲೂ ಗೊತ್ತಿತ್ತೇ, ಗೊತ್ತಿದ್ದೂ ಆ ತಾಯಿಗೆ ಕರ್ಪೂರ ಹಚ್ಚಲು ಬಿಟ್ಟರೇ, ಅಥವಾ ಊಟದ ತಟ್ಟೆಯ ಮುಂದೆ ನನ್ನೆದುರು ಮರ್ಯಾದೆ ಉಳಿಸಿಕೊಳ್ಳಲು ಆಗಷ್ಟೇ ಹೊಳೆದ ಮಾತೇ ಅದು, ನನಗೆ ಗೊತ್ತಿಲ್ಲ. ನನ್ನ ಪುಟದ ಅಕ್ಟೋಬರ್ ಅವರ ಕಣ್ಣಿಗೆ ಬಿದ್ದಿತ್ತೇ ಎನ್ನುವುದೂ ಗೊತ್ತಿಲ್ಲ. ಆಮೇಲೆ ಆರು ವರ್ಷ ಅವರು ಬದುಕಿದ್ದರು. ನಾನು ಎರಡು ಸಲ ಹೋಗಿ ಊಟ ಮಾಡಿ ಬಂದೆ. ಕೇಳಲಿಲ್ಲ.